ಸಂಗೀತಪುರ–ಕ್ಷೇಮಪುರಗಳ ಜೈನ ಪರಂಪರೆ ಮತ್ತು ಶಾಸ್ತ್ರದಾನ

ಶ್ರಾವಕರಿಗೆ ವಿಹಿತವಾದ ದಾನಗಳು ನಾಲ್ಕು: ಆಹಾರದಾನ, ಔಷಧದಾನ, ಶಾಸ್ತ್ರದಾನ ಮತ್ತು ಅಭಯದಾನ. ಬಸದಿಯ ಪ್ರತಿಷ್ಠೆಯ ಪುಣ್ಯಸಮಯದಲ್ಲಿ ಈ ನಾಲ್ಕನ್ನೂ ಸ್ಮರಿಸುವುದು ರೂಢಿ. ಈ ಚತುರ್ವಿಧ ದಾನವು ಒಂದು ನಾಡಿನ ವ್ಯಾಪಾರ, ರಾಜ್ಯಭಾರ ಹಾಗೂ ಸಾಹಿತ್ಯಗಳಿಗೆ ಜೀವಾಳವಾಗಿದ್ದ ಕಾಲವೊಂದಿತ್ತು. ಆ ನಾಡು ಇಂದಿನ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿ. ಅಲ್ಲಿ ಆಳಿದ ಅರಸರ ಕೋಟೆಗಳು ಕುಸಿದಿವೆ; ಅಲ್ಲಿನ ಸೆಟ್ಟರು ಗಳಿಸಿದ ಹೊನ್ನು ಎಲ್ಲಿ ಹೋಯಿತೆಂದು ಬಲ್ಲವರಿಲ್ಲ. ಆದರೆ ಅವರು ಮಾಡಿದ ದಾನಗಳಲ್ಲಿ ಕೆಲವು ಇಂದಿಗೂ ಫಲ ಕೊಡುತ್ತಿವೆ. ಯಾವ ದಾನವು ಉಳಿಯಿತು, ಯಾವುದು ಅಳಿಯಿತು, ಹಾಗಾಗಲು ಕಾರಣವೇನು ಎಂಬುದನ್ನು ವಿಚಾರಿಸುವುದು ಈ ಸಂದರ್ಭಕ್ಕೆ ಉಚಿತವಾದುದು.

ನಾಡು ಮತ್ತು ಹೆಸರುಗಳು

ಈ ಸೀಮೆಯಲ್ಲಿ ಜೈನ ಅರಸರ ಎರಡು ಮುಖ್ಯ ನೆಲೆಗಳಿದ್ದವು. ಒಂದು, ಭಟ್ಕಳದಿಂದ ಒಳನಾಡಿಗೆ ಘಟ್ಟದ ಬುಡದಲ್ಲಿರುವ ಹಾಡುವಳ್ಳಿ. ಇನ್ನೊಂದು, ಶರಾವತಿಯ ದಂಡೆಯ ಗೇರುಸೊಪ್ಪೆ. ಎರಡೂ ಕಡೆ ಸಾಳುವ ಮನೆತನದವರು ಆಳಿದರು. ವಿಜಯನಗರದ ಅರಸರಿಗೆ ಅಧೀನರಾಗಿದ್ದರೂ ತಮ್ಮ ಸೀಮೆಯಲ್ಲಿ ಅವರು ಬಹುಮಟ್ಟಿಗೆ ಸ್ವತಂತ್ರರಾಗಿಯೇ ನಡೆದರು. ಸಾಳುವೇಂದ್ರ, ಇಂದಗರಸ, ಮಲ್ಲಿರಾಯ, ದೇವರಾಯ ಮುಂತಾದ ಹೆಸರುಗಳು ಶಾಸನಗಳಲ್ಲಿ ಕಾಣಸಿಗುತ್ತವೆ.

ಈ ಊರುಗಳ ಹೆಸರುಗಳಲ್ಲಿಯೇ ಅಂದಿನ ಪಂಡಿತರ ಕೈವಾಡವಿದೆ. ಹಾಡುವಳ್ಳಿ ಎಂಬ ಅಚ್ಚಗನ್ನಡದ ಹೆಸರನ್ನು ಅವರು ಸಂಸ್ಕೃತದಲ್ಲಿ ಸಂಗೀತಪುರವೆಂದು ಕರೆದರು. ಗೇರುಸೊಪ್ಪೆಯು ಭಲ್ಲಾತಕೀಪುರವಾಯಿತು, ಕ್ಷೇಮಪುರ, ನಗಿರೆ ಎಂಬ ಹೆಸರುಗಳೂ ಅದಕ್ಕೆ ಇದ್ದವು. ಜನಸಾಮಾನ್ಯರ ಬಾಯಲ್ಲಿಯೂ ಜೈನ ಕಾಲದ ನೆನಪು ಅಳಿದಿಲ್ಲ. ಗೇರುಸೊಪ್ಪೆಯ ಬಸದಿಗಳಿರುವ ಪ್ರದೇಶಕ್ಕೆ ಇಂದಿಗೂ ನಗರಬಸ್ತಿಕೇರಿಯೆಂದೇ ಹೆಸರು. ಮುರ್ಡೇಶ್ವರದ ಬಳಿ ಬಸ್ತಿಮಕ್ಕಿ ಎಂಬ ಸ್ಥಳವಿದೆ. ಬಸದಿಗೆ ಹೋಗುವ ಶ್ರಾವಕರು ಕಡಿಮೆಯಾದ ಮೇಲೂ ಬಸದಿಯ ಹೆಸರು ನೆಲಕ್ಕೆ ಅಂಟಿಕೊಂಡು ಉಳಿದಿದೆ.

ಭಟ್ಕಳ ಎಂಬ ಹೆಸರು ವ್ಯಾಕರಣಕಾರರಾದ ಭಟ್ಟಾಕಳಂಕರಿಂದ ಬಂದಿತೆಂಬ ಮಾತು ಪ್ರಚಲಿತವಾಗಿದೆ. ಗ್ರಂಥಕರ್ತೃಗಳ ಮೇಲಿನ ಗೌರವದಿಂದ ಹುಟ್ಟಿದ ಮಾತು ಇದಾದರೂ ಕಾಲಗಣನೆಯು ಇದನ್ನು ಒಪ್ಪುವುದಿಲ್ಲ. ಅವರ ಗ್ರಂಥವು ಪೂರ್ಣಗೊಂಡುದು 1604ರಲ್ಲಿ. ಅದಕ್ಕೆ ಒಂದು ಶತಮಾನ ಮೊದಲೇ ಬಂದ ಪೋರ್ಚುಗೀಜರು ಈ ಬಂದರನ್ನು ಬಟಿಕಲಾ ಎಂದು ಕರೆದಿದ್ದಾರೆ. ಊರಿಗೆ ಅವರ ಹೆಸರು ಬಂದಿತೋ ಇಲ್ಲವೋ, ಆ ಸೀಮೆಗೆ ಕೀರ್ತಿಯಂತೂ ಅವರಿಂದ ಬಂದಿತು.

ಬಂದರಿನ ಸಂಪತ್ತು

ಇಷ್ಟು ಕಿರಿದಾದ ನಾಡಿನಲ್ಲಿ ಇಷ್ಟೊಂದು ಬಸದಿಗಳೂ ಗ್ರಂಥಗಳೂ ಹುಟ್ಟಬೇಕಾದರೆ ಅದಕ್ಕೆ ಆಧಾರವಾದ ಸಂಪತ್ತು ಯಾವುದು? ಅದು ಕಾಳುಮೆಣಸು. ಘಟ್ಟದ ತೋಟಗಳಲ್ಲಿ ಬೆಳೆದ ಮೆಣಸು ಎತ್ತಿನ ಹೇರುಗಳಲ್ಲಿ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಅಲ್ಲಿಂದ ಕೆಳಗೆ ಶರಾವತಿಯಲ್ಲಿ ದೋಣಿಗಳು ಸಾಗಬಲ್ಲವು. ಹೀಗಾಗಿ ಸರಕು ನೀರಿನ ಮೇಲೆಯೇ ಹೊನ್ನಾವರದ ಅಳಿವೆಯನ್ನು ಸೇರುತ್ತಿತ್ತು. ಕುಮಟಾದ ಸಮೀಪ ಅಘನಾಶಿನಿಯ ದಂಡೆಯಲ್ಲಿರುವ ಮಿರ್ಜಾನವೂ ಇಂತಹುದೇ ಒಂದು ನೆಲೆ. ಘಟ್ಟದ ದಾರಿಯೂ ಹೊಳೆಯ ದಾರಿಯೂ ಕೂಡುವ ಜಾಗದಲ್ಲಿ ಕುಳಿತವನಿಗೆ ಸುಂಕವೂ ವ್ಯಾಪಾರವೂ ಕೈಗೂಡುವುದು ಸಹಜ. ಗೇರುಸೊಪ್ಪೆಯ ಏಳಿಗೆಗೆ ಇದೇ ಮೂಲ.

ಭಟ್ಕಳದ ವ್ಯಾಪಾರವೂ ಕಡಿಮೆಯದಾಗಿರಲಿಲ್ಲ. 16ನೆಯ ಶತಮಾನದ ಆದಿಭಾಗದಲ್ಲಿ ಈ ಕರಾವಳಿಯ ವರ್ಣನೆಯನ್ನು ಬರೆದ ಪೋರ್ಚುಗೀಜ ಬಾರ್ಬೋಸನು ಹೋರ್ಮುಜ್ ಕಡೆಯ ಹಡಗುಗಳು ಇಲ್ಲಿಗೆ ಕುದುರೆಗಳನ್ನು ತಂದು, ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ಒಯ್ಯುತ್ತಿದ್ದುದನ್ನು ಹೇಳಿದ್ದಾನೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಬರುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. ಜೈನ ಅರಸರ ಆಶ್ರಯದಲ್ಲಿ ಅರಬ್ಬೀ ವ್ಯಾಪಾರದ ನವಾಯತ ಮುಸಲ್ಮಾನರೂ ಕೊಂಕಣಿ ವರ್ತಕರೂ ನೆಮ್ಮದಿಯಿಂದ ಬಾಳಿದರು. ಭಟ್ಕಳದಲ್ಲಿ ನವಾಯತರ ಚಿನ್ನದ ಪಳ್ಳಿಯೂ, ಕೊಂಕಣಿ ವರ್ತಕನೊಬ್ಬನು 16ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ಖೇತಪೈ ನಾರಾಯಣ ದೇವಾಲಯವೂ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಒಂದೇ ಊರಿನೊಳಗಿವೆ. ಅನ್ಯಧರ್ಮೀಯರಿಗೆ ಅಭಯವಿತ್ತುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಸಂಪತ್ತಿದ್ದಲ್ಲಿ ಅಪಾಯವೂ ಇರುತ್ತದೆ. 1502ರಲ್ಲಿ ವಾಸ್ಕೋ ಡ ಗಾಮನು ತನ್ನ ಎರಡನೆಯ ಯಾತ್ರೆಯಲ್ಲಿ ಭಟ್ಕಳದ ಮೇಲೆ ಬಂದು ಅಕ್ಕಿಯ ಕಪ್ಪವನ್ನು ಹೇರಿದನು. 1542ರಲ್ಲಿ ಮಾರ್ಟಿಂ ಅಫೋನ್ಸೋ ಡಿ ಸೌಜನು ಭಟ್ಕಳವನ್ನು ಸುಟ್ಟು ಸೂರೆಗೊಂಡನು. 1569ರಲ್ಲಿ ಹೊನ್ನಾವರದ ಕೋಟೆಯು ಪೋರ್ಚುಗೀಜರ ವಶವಾಯಿತು. ಇಂತಹ ಕಾಲದಲ್ಲಿ ನಾಡನ್ನು ಅರ್ಧ ಶತಮಾನದಷ್ಟು ಕಾಲ ಆಳಿದವಳು ರಾಣಿ ಚೆನ್ನಭೈರಾದೇವಿ. ಆಕೆಯ ಆಳ್ವಿಕೆಯು ಸುಮಾರು 1552ರಿಂದ 1606ರವರೆಗೆ ನಡೆಯಿತೆಂದು ಗಣಿಸಲಾಗಿದೆ. ಆಕೆಯೊಡನೆ ಕಾದಿದ ಪೋರ್ಚುಗೀಜರೇ ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಮಿರ್ಜಾನ ಕೋಟೆಯನ್ನು ಆಕೆಯ ಹೆಸರಿನೊಡನೆ ಜನರು ಇಂದಿಗೂ ಸ್ಮರಿಸುತ್ತಾರೆ.

ಶಿಲೆಯಲ್ಲಿ ಉಳಿದುದು

ಈ ಸಂಪತ್ತಿನ ಒಂದಂಶವು ಶಿಲೆಯಾಗಿ ನಿಂತಿತು. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕುಗಳಿಗೂ ದ್ವಾರಗಳಿವೆ. ಗರ್ಭಗೃಹದಲ್ಲಿ ನಾಲ್ಕು ದಿಕ್ಕುಗಳಿಗೂ ಅಭಿಮುಖವಾದ ಜಿನಬಿಂಬಗಳಿವೆ. ಸಮವಸರಣದಲ್ಲಿ ಭಗವಂತನು ಎಲ್ಲ ದಿಕ್ಕಿನವರಿಗೂ ಸಮ್ಮುಖನಾಗಿಯೇ ಕಾಣುತ್ತಾನೆಂಬ ಭಾವನೆಯನ್ನು ಶಿಲ್ಪಿಯು ಇಲ್ಲಿ ಕಲ್ಲಿನಲ್ಲಿ ತಂದಿದ್ದಾನೆ. 1586ರಲ್ಲಿ ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯನ್ನು ಕಂಡವರಿಗೆ ಈ ವಿನ್ಯಾಸದ ಪರಿಚಯವಿರುತ್ತದೆ. ಗೇರುಸೊಪ್ಪೆಯಲ್ಲಿ ಜ್ವಾಲಾಮಾಲಿನಿ, ಪಾರ್ಶ್ವನಾಥ, ನೇಮಿನಾಥ, ವರ್ಧಮಾನ ಸ್ವಾಮಿಯ ಬಸದಿಗಳೂ ಇವೆ. ಹಾಡುವಳ್ಳಿಯಲ್ಲಿ ಚಂದ್ರನಾಥ ಬಸದಿ ಹಾಗೂ ಚತುರ್ವಿಂಶತಿ ತೀರ್ಥಂಕರರ ಬಸದಿಗಳಿವೆ.

ಈ ಕಡೆಯ ಬಸದಿಗಳ ಕಟ್ಟುವಿಕೆಯಲ್ಲಿ ಒಂದು ವಿಶೇಷವಿದೆ. ಘಟ್ಟದ ಮೇಲಿನ ದೇವಾಲಯಗಳಂತೆ ಇವಕ್ಕೆ ಎತ್ತರದ ಶಿಖರಗಳಿಲ್ಲ. ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ, ಒಂದರ ಮೇಲೊಂದು ಹೊದಿಸಿ, ಮನೆಯ ಮಾಡಿನಂತೆ ಕಟ್ಟಿದ್ದಾರೆ. ಪಕ್ಕದಲ್ಲಿ ಕಲ್ಲಿನ ಜಾಲಂದರಗಳು. ಆಷಾಢ ಶ್ರಾವಣಗಳ ಮಳೆಯನ್ನು ಬಲ್ಲವರಿಗೆ ಇದರ ಔಚಿತ್ಯವು ಒಡನೆಯೇ ತಿಳಿಯುತ್ತದೆ. ನೀರು ನಿಲ್ಲದೆ ಹರಿದುಹೋಗುತ್ತದೆ. ಗಾಳಿ ಬೆಳಕುಗಳು ಒಳಗೆ ಬರುತ್ತವೆ. ಭಟ್ಕಳದ ಜಟ್ಟಪ್ಪ ನಾಯಕನ ಬಸದಿಯಲ್ಲಿ ಈ ಕೌಶಲವನ್ನು ಇಂದಿಗೂ ಕಾಣಬಹುದು.

ಸೆಟ್ಟರ ದಾನಧರ್ಮ

ಅರಸರು ಮಾತ್ರವೇ ಧರ್ಮವನ್ನು ನಡೆಸಿದರೆಂದು ಭಾವಿಸುವುದು ಸಲ್ಲದು. ಗೇರುಸೊಪ್ಪೆಯ ವರ್ತಕರ ಹೆಸರುಗಳು ತಮ್ಮ ಊರಿನ ಶಾಸನಗಳಲ್ಲಿಯೂ ದೂರದ ಶ್ರವಣಬೆಳಗೊಳದಲ್ಲಿಯೂ ದೊರೆಯುತ್ತವೆ. ಸುಮಾರು 1560ರ ಕಾಲದ ಶಾಸನವೊಂದು ಕ್ಷೇಮಪುರದ ಅಂಬವಣ ಶ್ರೇಷ್ಠಿಯನ್ನು ಕೀರ್ತಿಸಿದೆ. ಆ ಮನೆತನದ ಹಿರಿಯನಾದ ಯೋಜನ ಶ್ರೇಷ್ಠಿಯು ಕಟ್ಟಿಸಿದ್ದ ನೇಮೀಶ್ವರ ಚೈತ್ಯಾಲಯದ ಮುಂದೆ ಅಂಬವಣನು ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನು. ಹಿರಿಯರು ಬಸದಿಯನ್ನು ಕಟ್ಟಿಸಿದರೆ ಕಿರಿಯರು ಅದನ್ನು ಮರೆಯದೆ ಅದಕ್ಕೆ ಶೋಭೆಯನ್ನು ಹೆಚ್ಚಿಸಿದರು.

ಅದಕ್ಕೂ ಹಿಂದೆ, 1412ರಲ್ಲಿ, ಗೇರುಸೊಪ್ಪೆಯ ಹಿರಿಯ ಅಯ್ಯಗಳ ಶಿಷ್ಯನಾದ ಗುಮ್ಮಟಣ್ಣನೆಂಬವನು ಶ್ರವಣಬೆಳಗೊಳಕ್ಕೆ ಹೋಗಿ ಅಲ್ಲಿನ ಬಸದಿಗಳ ಜೀರ್ಣೋದ್ಧಾರವನ್ನು ಮಾಡಿಸಿ, ಒಂದು ತಂಡದ ಮುನಿಗಳಿಗೆ ಆಹಾರದಾನದ ವ್ಯವಸ್ಥೆಯನ್ನೂ ಮಾಡಿದನು. ಹೊಸದೊಂದನ್ನು ಕಟ್ಟಿ ತನ್ನ ಹೆಸರನ್ನು ಬರೆಸುವುದಕ್ಕಿಂತ ಹಳೆಯದನ್ನು ಉಳಿಸುವುದು ಹಿರಿದೆಂದು ಆತನು ಬಗೆದಿರಬೇಕು.

ಇವೆಲ್ಲಕ್ಕಿಂತ ಮನಸ್ಸನ್ನು ತಟ್ಟುವುದು 1539ರ ಶ್ರವಣಬೆಳಗೊಳದ ಕೆಲವು ಬರಹಗಳು. ಗೇರುಸೊಪ್ಪೆಯ ಚೌಡಿಸೆಟ್ಟಿಯು ಅಲ್ಲಿ ಕಷ್ಟದಲ್ಲಿದ್ದ ಗೃಹಸ್ಥರಿಗೆ ನೆರವಾಗಿ, ಅಡವು ಬಿದ್ದಿದ್ದ ಭೂಮಿಯನ್ನು ಬಿಡಿಸಿಕೊಟ್ಟನು. ಅದಕ್ಕೆ ಪ್ರತಿಯಾಗಿ ಋಣಮುಕ್ತರಾದವರು ಒಂದು ತಂಡದ ಮುನಿಗಳಿಗೆ ಆಹಾರದಾನವನ್ನು ನಡೆಸಿಕೊಂಡು ಬರುವೆವೆಂದು ಒಪ್ಪಿ ಕಲ್ಲಿನಲ್ಲಿ ಬರೆಸಿಕೊಟ್ಟರು. ಲೇವಾದೇವಿಯ ವ್ಯವಹಾರವನ್ನು ಬಲ್ಲವರು ಈ ಏರ್ಪಾಡನ್ನು ಆಲೋಚಿಸಿ ನೋಡಬೇಕು. ಕೊಟ್ಟ ಹಣವು ಸೆಟ್ಟಿಯ ಪೆಟ್ಟಿಗೆಗೆ ಹಿಂತಿರುಗಲಿಲ್ಲ. ಭೂಮಿಯನ್ನು ಕಳೆದುಕೊಳ್ಳಲಿದ್ದ ಗೃಹಸ್ಥನಿಗೆ ಅದು ಅಭಯದಾನವಾಯಿತು. ಆತನ ಕೈಯಿಂದಲೇ ಮುನಿಸಂಘಕ್ಕೆ ಆಹಾರದಾನವಾಯಿತು. ಪಡೆದವನು ದೀನನಾಗಲಿಲ್ಲ, ತಾನೂ ದಾನಿಯಾದನು. ಒಂದೇ ಮೊತ್ತದಿಂದ ಎರಡು ದಾನಗಳು ನೆರವೇರಿದವು.

ಸರಸ್ವತಿಯ ಸೇವೆ

ಉಳಿದ ಎರಡು ದಾನಗಳಾದ ಔಷಧ ಮತ್ತು ಶಾಸ್ತ್ರಗಳಿಗೂ ಈ ನಾಡಿನಲ್ಲಿ ಕೊರತೆಯಿರಲಿಲ್ಲ. ನಗಿರೆಯ ಅರಸ ಸಾಳ್ವಮಲ್ಲನ ಆಶ್ರಯದಲ್ಲಿ, ಸುಮಾರು 1550ರಲ್ಲಿ ಬಾಳಿದ ಸಾಳ್ವನೆಂಬ ಕವಿಯು ಜೈನ ಸಂಪ್ರದಾಯಕ್ಕನುಗುಣವಾದ ಭಾರತಕಥೆಯನ್ನು ಷಟ್ಪದಿಯಲ್ಲಿ ರಚಿಸಿದನು. ಅದೇ ಸಾಳ್ವಭಾರತ. ಕುಮಾರವ್ಯಾಸನ ಭಾರತವು ಮನೆಮನೆಗಳಲ್ಲಿ ವಾಚನಗೊಳ್ಳುತ್ತಿದ್ದ ಕಾಲದಲ್ಲಿ, ನೇಮಿನಾಥ ತೀರ್ಥಂಕರರ ಕಥೆಯೊಡನೆ ಹೆಣೆದುಕೊಂಡ ಜೈನ ಭಾರತವೂ ಶ್ರಾವಕರಿಗೆ ಸುಲಭವಾದ ಷಟ್ಪದಿಯಲ್ಲಿ ದೊರೆತಂತಾಯಿತು. ಸಾಳ್ವನು ರಸವಿಚಾರವಾಗಿ ರಸರತ್ನಾಕರವನ್ನು, ಧ್ವನಿವಿಚಾರವಾಗಿ ಶಾರದಾವಿಲಾಸವನ್ನು ಬರೆದನು. ಇಷ್ಟಕ್ಕೆ ನಿಲ್ಲದೆ ವೈದ್ಯಸಾಂಗತ್ಯವನ್ನೂ ರಚಿಸಿದನು. ಹಾಡಲು ಬರುವ ಸಾಂಗತ್ಯದಲ್ಲಿ ವೈದ್ಯವನ್ನು ಹೇಳಿದುದರಿಂದ ಅದು ಶಾಸ್ತ್ರದಾನವೂ ಹೌದು, ಔಷಧದಾನಕ್ಕೆ ದಾರಿಯೂ ಹೌದು.

ಗೇರುಸೊಪ್ಪೆಯ ಇನ್ನೊಬ್ಬ ಮಹನೀಯರು ಅಭಿನವ ವಾದಿ ವಿದ್ಯಾನಂದರು. ಅವರು ಅನೇಕ ರಾಜಸಭೆಗಳಲ್ಲಿ ವಾದಿಸಿ ಜಯಗಳಿಸಿದುದನ್ನು ಹೊಂಬುಜದ ಶಾಸನವು ವಿಸ್ತಾರವಾಗಿ ವರ್ಣಿಸಿದೆ. 1533ರ ಸುಮಾರಿಗೆ ಅವರು ಸಂಕಲಿಸಿದ ಕಾವ್ಯಸಾರವು ಪೂರ್ವಕವಿಗಳ ಪದ್ಯಗಳನ್ನು ವಿಷಯಾನುಕ್ರಮವಾಗಿ ಜೋಡಿಸಿದ ಗ್ರಂಥ. ಇಂತಹ ಸಂಕಲನಗಳ ಉಪಕಾರವು ದೊಡ್ಡದು. ಮೂಲಗ್ರಂಥವು ನಷ್ಟವಾದಾಗಲೂ ಅದರ ಕೆಲವು ಪದ್ಯಗಳು ಸಂಕಲನದಲ್ಲಿ ಬದುಕಿಕೊಳ್ಳುತ್ತವೆ. ವಿದ್ಯಾನಂದರ ಪರಂಪರೆಯ ವರ್ಧಮಾನ ಮುನಿಗಳು 1542ರಲ್ಲಿ, ಎಂದರೆ ಭಟ್ಕಳವು ಸುಟ್ಟುಹೋದ ವರ್ಷದಲ್ಲಿಯೇ, ದಶಭಕ್ತ್ಯಾದಿ ಮಹಾಶಾಸ್ತ್ರವನ್ನು ರಚಿಸಿದರು.

ಭಟ್ಟಾಕಳಂಕದೇವರು

ಈ ಪರಂಪರೆಯ ಕಲಶಪ್ರಾಯರಾದವರು ಭಟ್ಟಾಕಳಂಕದೇವರು. ಅವರು ಹಾಡುವಳ್ಳಿಯ ಮಠದ ಅಕಳಂಕದೇವರ ಶಿಷ್ಯರು. 1604ರಲ್ಲಿ ಅವರು ಪೂರೈಸಿದ ಕರ್ಣಾಟಕ ಶಬ್ದಾನುಶಾಸನವು ಕನ್ನಡದ ಮೂರು ಮಹಾವ್ಯಾಕರಣಗಳಲ್ಲಿ ಕೊನೆಯದು. ಮೊದಲನೆಯದು ಇಮ್ಮಡಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ. ಎರಡನೆಯದು 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ. ಮೂವರೂ ಜೈನರೇ ಎಂಬುದು ಸಮಾಜವು ಹೆಮ್ಮೆಪಡಬೇಕಾದ ಸಂಗತಿ.

ಶಬ್ದಾನುಶಾಸನವು ಸಂಸ್ಕೃತ ಸೂತ್ರಗಳಲ್ಲಿದೆ. ನಾಲ್ಕು ಪಾದಗಳು, 592 ಸೂತ್ರಗಳು. ಸೂತ್ರಗಳಿಗೆ ಭಾಷಾಮಂಜರಿಯೆಂಬ ವೃತ್ತಿ, ಅದಕ್ಕೆ ಮಂಜರೀಮಕರಂದವೆಂಬ ವ್ಯಾಖ್ಯಾನ. ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲೇಕೆ ಬರೆದರೆಂದು ಇಂದಿನವರು ಕೇಳಬಹುದು. ದೇಶಭಾಷೆಯು ಶಾಸ್ತ್ರಕ್ಕೆ ಯೋಗ್ಯವಲ್ಲವೆಂದು ತಾತ್ಸಾರ ಮಾಡುವ ಪಂಡಿತರು ಅಂದು ಇದ್ದರು. ಅಂಥವರಿಗೆ ಅವರ ಭಾಷೆಯಲ್ಲಿಯೇ, ಅವರ ಪಾಣಿನೀಯ ಪದ್ಧತಿಯಲ್ಲಿಯೇ ಉತ್ತರವನ್ನು ಕೊಡಬೇಕಾಗಿತ್ತು. ಭಟ್ಟಾಕಳಂಕರು ಕನ್ನಡದಲ್ಲಿ ಶಬ್ದಾಗಮ, ಯುಕ್ತ್ಯಾಗಮ, ಪರಮಾಗಮಗಳ ವಿಷಯವಾದ ಗ್ರಂಥಗಳಿವೆಯೆಂದು ತೋರಿಸಿ, ಅದಕ್ಕೆ ನಿದರ್ಶನವಾಗಿ ತತ್ತ್ವಾರ್ಥ ಮಹಾಶಾಸ್ತ್ರಕ್ಕೆ ಕನ್ನಡದಲ್ಲಿ ರಚಿತವಾಗಿದ್ದ 96,000 ಗ್ರಂಥಪ್ರಮಾಣದ ಚೂಡಾಮಣಿಯೆಂಬ ವ್ಯಾಖ್ಯಾನವನ್ನು ಹೆಸರಿಸಿದರು. ಪೂರ್ವಕವಿಗಳ ಪ್ರಯೋಗಗಳನ್ನು ಉದಾಹರಿಸಿ, ಈ ಭಾಷೆಗೆ ತನ್ನದೇ ಆದ ಕಟ್ಟುನಿಟ್ಟು ಇದೆಯೆಂಬುದನ್ನು ಸೂತ್ರಸೂತ್ರಕ್ಕೂ ಸ್ಥಾಪಿಸಿದರು. ಚೂಡಾಮಣಿಯು ಇಂದು ಉಪಲಬ್ಧವಿಲ್ಲ. ಅಂತಹ ಗ್ರಂಥವೊಂದು ಇತ್ತೆಂಬ ವಿವರವನ್ನು ಶಬ್ದಾನುಶಾಸನವು ಕಾಪಾಡಿಕೊಂಡು ಬಂದಿದೆ.

ರಾಜ್ಯವು ಅಳಿದ ಬಳಿಕ

ಈ ವ್ಯಾಕರಣವು ಪೂರ್ಣಗೊಂಡ ಕಾಲವನ್ನು ಗಮನಿಸಬೇಕು. 1604ರಲ್ಲಿ ಗ್ರಂಥವು ಮುಗಿಯಿತು. ಸುಮಾರು 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದನು. ವೃದ್ಧೆಯಾದ ಚೆನ್ನಭೈರಾದೇವಿಯು ಸೆರೆಯಾದಳು. ಎರಡು ವರ್ಷಗಳ ಅಂತರದಲ್ಲಿ ಒಂದು ಗ್ರಂಥವು ಹುಟ್ಟಿತು, ಒಂದು ರಾಜ್ಯವು ಅಳಿಯಿತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಪೋರ್ಚುಗೀಜ ರಾಯಭಾರಿಯೊಡನೆ ಹೊನ್ನಾವರದಿಂದ ಶರಾವತಿಯ ಮೂಲಕ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವನ್ನೇರಿ ಇಕ್ಕೇರಿಗೆ ಹೋದನು. ಹಿಂದೆ ರಾಜಧಾನಿಯಾಗಿದ್ದ ನಗರವು ಹಾಳಾಗಿ, ಅರಮನೆಯ ಮೇಲೆ ಮರಗಳು ಬೆಳೆದಿದ್ದುದನ್ನು ಆತನು ಬರೆದಿಟ್ಟಿದ್ದಾನೆ. ಇಪ್ಪತ್ತು ವರ್ಷಗಳೂ ತುಂಬಿರಲಿಲ್ಲ. ಅಷ್ಟರಲ್ಲಿಯೇ ಕಾಡು ತನ್ನ ನೆಲವನ್ನು ಹಿಂದಕ್ಕೆ ಪಡೆದಿತ್ತು. ಚತುರ್ಮುಖ ಬಸದಿಯು ಇಂದಿಗೂ ಆ ಕಾಡಿನ ನಡುವೆಯೇ ನಿಂತಿದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ ಅದರ ಕಲ್ಲುಗಳು ಉಳಿದಿವೆ. ಆದರೆ ನಾಲ್ಕೂ ದ್ವಾರಗಳಿಂದ ಬಂದು ದರ್ಶನ ಪಡೆಯುತ್ತಿದ್ದ ಶ್ರಾವಕರ ಕೇರಿಗಳು ಈಗಿಲ್ಲ.

ಶಬ್ದಾನುಶಾಸನದ ಗತಿ ಬೇರೆಯಾಯಿತು. ಓಲೆಗರಿಯ ಪ್ರತಿಗಳು ಕೈಯಿಂದ ಕೈಗೆ, ಮಠದಿಂದ ಮಠಕ್ಕೆ ಸಾಗಿದವು. 1890ರಲ್ಲಿ ಬಿ. ಎಲ್. ರೈಸರು ಅದನ್ನು ಅಚ್ಚು ಹಾಕಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣವು ಹೊರಬಂದಿತು. ಇಂದು ಕನ್ನಡ ವ್ಯಾಕರಣವನ್ನು ಅಧ್ಯಯನ ಮಾಡುವ ಯಾವ ವಿದ್ವಾಂಸನೂ, ಯಾವ ಮತದವನೇ ಆಗಿರಲಿ, ಹಾಡುವಳ್ಳಿಯ ಆ ಯತಿಗಳನ್ನು ಸ್ಮರಿಸದೆ ಮುಂದೆ ಹೋಗಲಾರನು. ಸ್ವಾದಿ, ಎಂದರೆ ಸೋಂದಾ, ಜೈನ ಮಠದ ಪೀಠಾಧಿಪತಿಗಳು ಭಟ್ಟಾಕಳಂಕರೆಂಬ ಹೆಸರನ್ನೇ ಧರಿಸುತ್ತಾರೆ.

ಗ್ರಂಥವು ತಾನಾಗಿ ಉಳಿಯಲಿಲ್ಲವೆಂಬುದನ್ನು ಮರೆಯಬಾರದು. ಕರಾವಳಿಯ ಥಂಡಿಗೆ ಓಲೆಗರಿಯು ಬೂಸಲು ಹಿಡಿಯುತ್ತದೆ. ಗೆದ್ದಲು ಅದನ್ನು ಬಿಡುವುದಿಲ್ಲ. ಹಳೆಯ ಪ್ರತಿಯು ಜೀರ್ಣವಾಗುವ ಮೊದಲೇ ಇನ್ನೊಂದು ಪ್ರತಿಯನ್ನು ಬರೆಸಬೇಕಾಗಿತ್ತು. ನೋಂಪಿಗಳ ಉದ್ಯಾಪನೆಯಲ್ಲಿ ಶಾಸ್ತ್ರವನ್ನು ಬರೆಸಿ ದಾನ ಮಾಡುವ ಪದ್ಧತಿಯು ಈ ಕಾರ್ಯವನ್ನು ನಡೆಸಿಕೊಂಡು ಬಂದಿತು. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದುದು ಪ್ರಸಿದ್ಧವೇ ಆಗಿದೆ. ಷಟ್ಖಂಡಾಗಮದ ರಚನೆಯ ಕಾಲದಲ್ಲಿ ಪುಷ್ಪದಂತಾಚಾರ್ಯರು ವನವಾಸ ದೇಶದಲ್ಲಿದ್ದರೆಂದು ಪರಂಪರೆಯು ಹೇಳುತ್ತದೆ. ಆ ವನವಾಸಿಯೇ ಇದೇ ಜಿಲ್ಲೆಯ ಬನವಾಸಿ. ಆ ಆಗಮದ ಧವಳಾ ಟೀಕೆಯು ಮೂಡಬಿದಿರೆಯ ಓಲೆಗರಿಗಳಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದು, 1939ರಿಂದ ಮುದ್ರಣಗೊಂಡು ಲೋಕಕ್ಕೆ ದೊರೆಯಿತು. ಬರೆಸಿದವರು ಶ್ರಾವಕರು, ಬರೆದವರು ಲಿಪಿಕಾರರು, ಕಾದವರು ಮಠಗಳು. ಇವರಲ್ಲಿ ಒಬ್ಬರು ಉದಾಸೀನರಾಗಿದ್ದರೂ ಚೂಡಾಮಣಿಗೆ ಬಂದ ಗತಿಯೇ ಅವಕ್ಕೂ ಬರುತ್ತಿತ್ತು.

ಇಂದಿನ ಕರ್ತವ್ಯ

ಕ್ಷೇಮಪುರದ ಚರಿತ್ರೆಯಿಂದ ಎರಡು ಪಾಠಗಳು ದೊರೆಯುತ್ತವೆ. ಎಷ್ಟೇ ಭದ್ರವಾದ ಶಿಲೆಯಿಂದ ಕಟ್ಟಿದ ಬಸದಿಯಾದರೂ, ನಿತ್ಯವೂ ಬಂದು ಪೂಜಿಸುವ ಶ್ರಾವಕರಿಲ್ಲದಿದ್ದರೆ ಅದು ನೋಡುವವರ ಕುತೂಹಲಕ್ಕೆ ಮಾತ್ರ ಉಳಿಯುತ್ತದೆ. ಅತಿ ದುರ್ಬಲವಾದ ಓಲೆಗರಿಯಾದರೂ, ಅದನ್ನು ಓದಿ ಮತ್ತೆ ಬರೆಸುವವರಿದ್ದರೆ ರಾಜ್ಯಗಳನ್ನು ಮೀರಿ ಬದುಕುತ್ತದೆ. ಪ್ರತಿಷ್ಠೆಯ ಐದು ದಿನಗಳ ಸಂಭ್ರಮವು ಮುಗಿದ ಮರುದಿನದಿಂದ ಬಸದಿಯ ನಿಜವಾದ ಆಯುಷ್ಯವು ಆರಂಭವಾಗುತ್ತದೆ.

ಆದುದರಿಂದ ಬಸದಿಯ ಕಟ್ಟಡ, ಪ್ರಭಾವಳಿ, ಮಾನಸ್ತಂಭಗಳಿಗಾಗಿ ಉದಾರವಾಗಿ ಕೊಡುವ ಶ್ರಾವಕರು ಶಾಸ್ತ್ರಭಂಡಾರಕ್ಕೂ ಒಂದು ಪಾಲನ್ನು ಇಡಬೇಕು. ಹಳೆಯ ಮನೆಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳು ಇಂದಿಗೂ ಅಲ್ಲಲ್ಲಿ ಇರುವುದುಂಟು. ಶ್ರುತಪಂಚಮಿಯಂದು ಅವನ್ನು ಹೊರತೆಗೆದು ಅರಿಸಿನ ಕುಂಕುಮ ಹಚ್ಚಿ ಮತ್ತೆ ಕಟ್ಟಿಡುವುದರಿಂದ ಶಾಸ್ತ್ರಸೇವೆಯು ಪೂರ್ಣವಾಗದು. ಬಲ್ಲವರಿಗೆ ತೋರಿಸಿ, ಪಟ್ಟಿ ಮಾಡಿಸಿ, ಛಾಯಾಪ್ರತಿಯನ್ನು ತೆಗೆಸಿಡಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ಈ ಕಾರ್ಯಕ್ಕೆ ಮಾರ್ಗದರ್ಶಕವಾಗಿದೆ. ಮಕ್ಕಳಿಗೆ ವಾರಕ್ಕೊಂದು ದಿನವಾದರೂ ಬಸದಿಯಲ್ಲಿ ಕುಳಿತು ಒಂದು ಗ್ರಂಥವನ್ನು ಓದುವ ಅಭ್ಯಾಸವನ್ನು ಮಾಡಿಸಬೇಕು. ಶ್ರವಣಬೆಳಗೊಳ, ಮೂಡಬಿದಿರೆ, ಹೊಂಬುಜಗಳಿಗೆ ಯಾತ್ರೆ ಹೋಗುವವರು ಹಾಡುವಳ್ಳಿ ಗೇರುಸೊಪ್ಪೆಗಳಿಗೂ ಒಮ್ಮೆ ಹೋಗಿ, ಆ ನಾಲ್ಕು ದ್ವಾರಗಳಲ್ಲಿ ನಿಂತು ದರ್ಶನ ಪಡೆದು ಬರಬೇಕು.

ಚೌಡಿಸೆಟ್ಟಿಯಂತೆ ಸಾಲವನ್ನು ದಾನವಾಗಿ ತಿರುಗಿಸುವ ಹೃದಯ, ಗುಮ್ಮಟಣ್ಣನಂತೆ ಹಳೆಯದನ್ನು ಉಳಿಸುವ ವಿವೇಕ, ಭಟ್ಟಾಕಳಂಕದೇವರಂತೆ ತಾಯ್ನುಡಿಯ ಮೇಲಿನ ಅಭಿಮಾನ, ಇವು ಇಂದಿನ ಶ್ರಾವಕರಲ್ಲಿಯೂ ನೆಲೆಗೊಳ್ಳಲಿ. ಪ್ರತಿಷ್ಠಿತವಾದ ಜಿನಬಿಂಬದ ಮುಂದೆ ದೀಪವೂ, ಪಕ್ಕದ ಪೀಠದ ಮೇಲೆ ತೆರೆದಿಟ್ಟ ಶಾಸ್ತ್ರವೂ ಎಂದೆಂದಿಗೂ ಇರಲೆಂದು ಸಮಸ್ತ ಶ್ರಾವಕ ಶ್ರಾವಿಕೆಯರ ಪರವಾಗಿ ಹಾರೈಸೋಣ.